ತುತ್ತಿನ ದಾರಿ

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಮನೆಗಳಲ್ಲಿ ಕುಚ್ಚಲಕ್ಕಿಯ ಅನ್ನವು ನಿತ್ಯದ ಆಹಾರ. ಅದರ ಒಂದು ತುತ್ತನ್ನು ನಿಧಾನವಾಗಿ ಅಗಿದರೆ ತುಸು ಸಿಹಿಯೆನಿಸುವುದು. ಮೂರು ಜೊತೆ ದೊಡ್ಡ ಲಾಲಾಗ್ರಂಥಿಗಳಿಂದ ಒಸರುವ ಜೊಲ್ಲು ಅನ್ನದ ಪಿಷ್ಟವನ್ನು ಸಕ್ಕರೆಯಾಗಿ ಒಡೆಯತೊಡಗುವುದೇ ಇದಕ್ಕೆ ಕಾರಣ. ಪಚನಕ್ರಿಯೆಯು ಜಠರದಲ್ಲಲ್ಲ, ಬಾಯಿಯಲ್ಲಿಯೇ ಆರಂಭವಾಗುತ್ತದೆ.

ಹಲ್ಲುಗಳು ಅರೆದುದನ್ನು ನಾಲಗೆಯು ಉಂಡೆಗಟ್ಟಿ ಹಿಂದಕ್ಕೆ ತಳ್ಳುತ್ತದೆ. ಗಂಟಲಿನಲ್ಲಿ ಅನ್ನದ ದಾರಿಯೂ ಉಸಿರಿನ ದಾರಿಯೂ ಕೂಡುತ್ತವೆ. ನುಂಗುವ ಕ್ಷಣದಲ್ಲಿ ಮೆತ್ತನೆಯ ಅಂಗುಳು ಮೇಲೆದ್ದು ಮೂಗಿನ ದಾರಿಯನ್ನು ಮುಚ್ಚುತ್ತದೆ. ಧ್ವನಿಪೆಟ್ಟಿಗೆಯು ಮೇಲೇರಿ, ಅದರ ಮುಚ್ಚಳವು ಬಾಗಿ ಶ್ವಾಸನಾಳವನ್ನು ಕಾಯುತ್ತದೆ. ಉಣ್ಣುವಾಗ ಮಾತು ಬೇಡವೆಂಬ ಹಿರಿಯರ ಎಚ್ಚರಿಕೆಯ ಅರ್ಥವಿದು. ಮುಂದೆ ಸುಮಾರು 25 ಸೆಂಟಿಮೀಟರು ಉದ್ದದ ಅನ್ನನಾಳವು ಅಲೆಯಂತೆ ಸಂಕೋಚಿಸಿ ತುತ್ತನ್ನು ಜಠರಕ್ಕಿಳಿಸುತ್ತದೆ. ಅಲ್ಲಿ ನಮ್ಮ ಇಚ್ಛೆ ನಡೆಯದು.

ಈ ದಾರಿಯಲ್ಲಿ ನಾವೇ ಕನ್ನಡಿ ಹಿಡಿದು ನೋಡಬಹುದಾದುದು ಬಾಯಿಯನ್ನು ಮಾತ್ರ. ಎಲೆಯಡಿಕೆ ಮೆಲ್ಲುವವರು ಹಾಗೆ ನೋಡುವುದು ಅವಶ್ಯ. ಹೊಗೆಸೊಪ್ಪು ಸೇರದಿದ್ದರೂ ಅಡಿಕೆಯು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿತು. ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿಯ ಅಥವಾ ಕೆಂಪು ಮಚ್ಚೆ ಕಂಡಲ್ಲಿ, ನೋವಿಲ್ಲವೆಂದು ಸುಮ್ಮನಿರದೆ ವೈದ್ಯರಿಗೆ ತೋರಿಸತಕ್ಕದ್ದು.