ತುಟಿಯ ಗುಳ್ಳೆಗೆ ಮನೆಮದ್ದು

ಜ್ವರ ಬಂದಾಗ ತುಟಿಯಂಚಿನಲ್ಲಿ ಗುಂಪಾಗಿ ಏಳುವ ನೀರುಗುಳ್ಳೆಗೆ ‘ಉಷ್ಣ’ವೇ ಕಾರಣವೆನ್ನುವುದು ವಾಡಿಕೆ. ನಿಜವಾದ ಕಾರಣ ಹರ್ಪಿಸ್ ಸಿಂಪ್ಲೆಕ್ಸ್ ಎಂಬ ವೈರಸ್. ಒಮ್ಮೆ ದೇಹ ಹೊಕ್ಕರೆ ಮುಖದ ಸ್ಪರ್ಶನರದ ಬುಡದಲ್ಲಿ ಜೀವನಪೂರ್ತಿ ಅಡಗಿರುತ್ತದೆ. ಜ್ವರ, ಬಿಸಿಲು, ದಣಿವು ತಾಗಿದಾಗ ತಲೆ ಎತ್ತುತ್ತದೆ. ಯಾವ ಮನೆಮದ್ದೂ ಅದನ್ನು ಬೇರುಸಹಿತ ಕೀಳಲಾರದು.

ಉರಿ ತಗ್ಗಲು ತಣ್ಣೀರಿನ ಬಟ್ಟೆ, ಹಕ್ಕಳೆ ಬಿರಿಯದಂತೆ ತುಸು ತುಪ್ಪ ಸಾಕು. ಸುಣ್ಣ, ನಿಂಬೆರಸ ಚರ್ಮ ಸುಡುತ್ತವೆ. ಜೇನು? 2019ರಲ್ಲಿ ಪ್ರಕಟವಾದ ನ್ಯೂಜಿಲೆಂಡಿನ 952 ಮಂದಿಯ ಪರೀಕ್ಷೆಯಲ್ಲಿ ಔಷಧೀಯ ಜೇನು ಹಚ್ಚಿದವರಿಗೆ 9 ದಿನ, ಅಸೈಕ್ಲೋವಿರ್ ಮುಲಾಮಿನವರಿಗೆ 8 ದಿನ ಹಿಡಿಯಿತು. ಏನೂ ಹಚ್ಚದಿದ್ದರೂ ಸುಮಾರು 10 ದಿನಗಳಲ್ಲಿ ಮಾಯುತ್ತದೆ!

ಗುಳ್ಳೆ ಮುಟ್ಟಿದ ಕೈ ಕಣ್ಣಿಗೆ ಹೋಗದಿರಲಿ. ಪೂರ್ತಿ ಮಾಯುವ ತನಕ ಹಸುಗೂಸಿಗೆ ಮುತ್ತು ಕೊಡಬೇಡಿ. ನಮಗೆ ವಾರದ ಕಿರಿಕಿರಿಯಾದದ್ದು ಅದರ ಪ್ರಾಣಕ್ಕೇ ಎರವಾದೀತು.