ಕಾರ್ಡ್ ಕೊಳ್ಳುವ ಮುಂಚೆ ಮಾಳಿಗೆ ಹತ್ತಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಎಂಟನೇ ತಲೆಮಾರಿನದ್ದಾದರೂ ಇರಬೇಕು. ಹತ್ತು ವರ್ಷದ ಹಿಂದೆ ಕೊಂಡ, ಇನ್ನೂ ಗಟ್ಟಿಮುಟ್ಟಾಗಿ ಓಡುವ ಡೆಸ್ಕ್‌ಟಾಪ್‌ಗಳೆಲ್ಲ ಈ ಷರತ್ತಿನಿಂದಾಗಿ ಮೂಲೆಗೆ ಸರಿದವು. ಮನೆಯಲ್ಲಿ ಹೊಸದು ತರುವ ಮಾತು ಎದ್ದಾಗ ಜೊತೆಗೇ ಒಂದು ಆಸೆಯೂ ಏಳುತ್ತದೆ. ಹೆಂಗೂ ತರೋದು ತರ್ತೀವಿ, ಅಂಗೈಯಗಲದ ಡಬ್ಬಿ ತಂದು ಟಿವಿ ಪಕ್ಕ ಇಟ್ಟು, ಅದಕ್ಕೇ ರೆಕಾರ್ಡಿಂಗ್ ಕಾರ್ಡೂ ಹಾಕ್ಸಿಬಿಟ್ರೆ?

ಆಸೆಯಲ್ಲಿ ತಪ್ಪಿಲ್ಲ, ಲೆಕ್ಕ ಮಾತ್ರ ತಲೆಕೆಳಗು. ಮೊದಲು ಪ್ರೊಸೆಸರ್, ಆಮೇಲೆ ರ್‍ಯಾಮ್, ಆಮೇಲೆ ಚೆಂದದ ಕ್ಯಾಬಿನೆಟ್, ಎಲ್ಲ ಮುಗಿದ ಮೇಲೆ ಕಾರ್ಡ್. ಮನೆಗೆ ಬರುತ್ತಿರುವ ಸಿಗ್ನಲ್ ಯಾವುದು ಎಂದು ಯಾರೂ ಕೇಳುವುದಿಲ್ಲ. ಕಾರ್ಡ್ ಯಾವುದಿರಬೇಕು ಎಂಬುದನ್ನು ಸಿಗ್ನಲ್ ಹೇಳುತ್ತದೆ, ಡಬ್ಬಿ ಎಷ್ಟು ಚಿಕ್ಕದಿರಬಹುದು ಎಂಬುದನ್ನು ಕಾರ್ಡ್ ಹೇಳುತ್ತದೆ. ಹಾಗಾಗಿ ಈ ಯೋಜನೆ ಮಾಳಿಗೆಯಿಂದ ಕೆಳಗಿಳಿಯಬೇಕು.

ಬಳ್ಳಾರಿ ಮಗ್ಗುಲಲ್ಲೇ ಇರುವ ಸಂಗನಕಲ್ಲಿನ ಒಂದು ಮನೆಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಅಲ್ಲಿನ ಹಿರೇಗುಡ್ಡದ ಕಪ್ಪು ಡೋಲರೈಟ್ ಬಂಡೆಗಳ ಮೇಲೆ ನವಶಿಲಾಯುಗದ ಜನ ಕುಟ್ಟಿ ಮೂಡಿಸಿದ ದನಗಳ ಚಿತ್ರಗಳು ಇಂದಿಗೂ ಇವೆ. ಡ್ರೈವರ್ ಬೇಡದ, ಫಾರ್ಮ್ಯಾಟ್ ಹಳತಾಗದ ರೆಕಾರ್ಡಿಂಗ್ ಆ ಊರಲ್ಲಿ ಅದೊಂದೇ.

ಇಪ್ಪತ್ತು ವರ್ಷದ ಹಿಂದೆ ನಮ್ಮ ಕೆಲಸವೂ ಸಲೀಸಿತ್ತು. ಕೇಬಲ್‌ನವರು ಎಳೆದ ವೈರನ್ನು ಟಿವಿ ಟ್ಯೂನರ್ ಕಾರ್ಡಿನ ದುಂಡನೆ ಸಾಕೆಟ್ಟಿಗೆ ಸಿಕ್ಕಿಸಿ ಸ್ಕ್ಯಾನ್ ಕೊಟ್ಟರೆ ಉದಯ, ಈಟಿವಿ, ಜೆಮಿನಿ ಎಲ್ಲ ಸಾಲಾಗಿ ಬಂದು ಕೂರುತ್ತಿದ್ದವು. ಪಿನಾಕಲ್ ಕಾರ್ಡ್ ಹಾಕಿಸಿಕೊಂಡವರೂ ಇದ್ದರು, ಇಂಟೆಕ್ಸ್ ಡಬ್ಬಿಯನ್ನು ಮಾನಿಟರ್‌ಗೆ ಜೋಡಿಸಿಕೊಂಡವರೂ ಇದ್ದರು. ವಿಂಡೋಸ್ 7ರ ಬಹುತೇಕ ಆವೃತ್ತಿಗಳಲ್ಲಿ ಟಿವಿ ರೆಕಾರ್ಡ್ ಮಾಡುವ ಮೀಡಿಯಾ ಸೆಂಟರ್ ಎಂಬ ತಂತ್ರಾಂಶ ಕೂತೇ ಬರುತ್ತಿತ್ತು. ವಿಂಡೋಸ್ 10 ಅದನ್ನು ಕೈಬಿಟ್ಟಿತು.

ಆ ಕಾಲ ಮುಗಿಸಿದ್ದು ಮೈಕ್ರೋಸಾಫ್ಟ್ ಅಲ್ಲ, ಕೇಬಲ್ ಡಿಜಿಟಲೀಕರಣ. 2011ರ ಕಾಯ್ದೆ ತಿದ್ದುಪಡಿಯ ನಂತರ ದೇಶದ ಕೇಬಲ್ ಜಾಲ ನಾಲ್ಕು ಹಂತಗಳಲ್ಲಿ ಬದಲಾಯಿತು. ಪಟ್ಟಣಗಳದ್ದು ಮೂರನೇ ಹಂತ, ಗಡುವು 2015ರ ಡಿಸೆಂಬರ್ 31. ಹಳ್ಳಿಗಳದ್ದು ನಾಲ್ಕನೇ ಹಂತ, ಮುಂದಕ್ಕೆ ಹೋಗಿ 2017ರ ಮಾರ್ಚ್ 31ಕ್ಕೆ ಬಂದು ನಿಂತಿತು. ಅಲ್ಲಿಂದೀಚೆಗೆ ವೈರಿನಲ್ಲಿ ಬರುವುದು ಬೀಗ ಹಾಕಿದ ಸಿಗ್ನಲ್. ಬೀಗದ ಕೈ ಇರುವುದು ಸೆಟ್‌ಟಾಪ್ ಬಾಕ್ಸಿನೊಳಗೆ. ಹಳೆಯ ಅನಲಾಗ್ ಕಾರ್ಡಿಗೆ ಆ ವೈರ್ ಸಿಕ್ಕಿಸಿದರೆ ಕಾಣುವುದು ಬರೀ ಚುಕ್ಕಿ. ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಅಂಥ ಕಾರ್ಡ್ ಇನ್ನೂರು ರೂಪಾಯಿಗೆ ಸಿಕ್ಕರೂ ದಂಡವೇ.

ಆಂಟೆನಾದ ಕಥೆಯೂ ಅಷ್ಟೇ. ದೂರದರ್ಶನ ತನ್ನ ಅನಲಾಗ್ ಪ್ರಸಾರ ಕೇಂದ್ರಗಳನ್ನು ಬಹುಪಾಲು ಮುಚ್ಚಿದೆ. ಆಂಟೆನಾ ಮೂಲಕದ ಡಿಜಿಟಲ್ ಪ್ರಸಾರ ಬೆಂಗಳೂರಿನಂಥ ದೊಡ್ಡ ನಗರಗಳಿಗಷ್ಟೇ ಬಂತು. ಆನ್‌ಲೈನ್‌ನಲ್ಲಿ ‘ಯುಎಸ್‌ಬಿ ಟಿವಿ ಟ್ಯೂನರ್’ ಎಂದು ಹುಡುಕಿದರೆ ಮೊದಲು ಕಣ್ಣಿಗೆ ಬೀಳುವುದೇ ಆಂಟೆನಾ ಪ್ರಸಾರ ಹಿಡಿಯುವ ಡಿವಿಬಿ-ಟಿ ಜಾತಿಯ ಕಡ್ಡಿಗಳು. ರಾಸ್ಪ್‌ಬೆರಿ ಪೈಗೆ ಬರುವ ಟಿವಿ ಹ್ಯಾಟ್ ಕೂಡ ಅದೇ ಜಾತಿ. ಅಮೆರಿಕದಿಂದ ಅಳಿಯಂದಿರು ತಂದುಕೊಡುವುದು ಅಲ್ಲಿನ ಎಟಿಎಸ್‌ಸಿ ಪದ್ಧತಿಯದು. ಮೂರೂ ಒಳ್ಳೆಯ ಸಾಮಾನೇ, ಆದರೆ ಸಂಗನಕಲ್ಲಿನಲ್ಲಿ ಮೂರಕ್ಕೂ ಕೆಲಸವಿಲ್ಲ.

ಉಳಿದದ್ದು ಒಂದೇ ತೆರೆದ ಬಾಗಿಲು: ಡಿಡಿ ಫ್ರೀ ಡಿಶ್. 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಲ್ಲಿ ಶುರುವಾದ ಈ ಸೇವೆಗೆ ತಿಂಗಳ ಬಾಡಿಗೆಯಿಲ್ಲ, ಚಂದನವೂ ಸೇರಿದಂತೆ ಬಹಳಷ್ಟು ವಾಹಿನಿಗಳಿಗೆ ಬೀಗವೂ ಇಲ್ಲ. ಉಪಗ್ರಹ ಜಿಸ್ಯಾಟ್-15, ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿದೆ. ಬಳ್ಳಾರಿ ಸೀಮೆಯಿಂದ ಲೆಕ್ಕ ಹಾಕಿದರೆ ಡಿಶ್ ಆಗ್ನೇಯಕ್ಕೆ, ಅಂದರೆ ಉತ್ತರದಿಂದ ಸುಮಾರು 131 ಡಿಗ್ರಿ ತಿರುಗಿ, ನೆಲದಿಂದ ಸುಮಾರು 64 ಡಿಗ್ರಿ ಮೇಲಕ್ಕೆ ನೋಡಬೇಕು. ಸಿರುಗುಪ್ಪಕ್ಕೆ ಹೋದರೂ ಒಂದು ಡಿಗ್ರಿಯಷ್ಟೇ ಹೆಚ್ಚುಕಡಿಮೆ. ನಡುವೆ ಬರುವ ಕುರುಗೋಡಿಗೂ ಇದೇ ಲೆಕ್ಕ. ‘ಗುಡ್ಡ ಅಡ್ಡ ಐತಲ್ರೀ, ಸಿಗ್ನಲ್ ಬರ್ತದೇನು?’ ಎಂದು ಕೇಳುವವರಿಗೆ ಇದೇ ಉತ್ತರ. ಡಿಶ್ ನೋಡುವುದು ಹೆಚ್ಚುಕಡಿಮೆ ನೆತ್ತಿಯ ಕಡೆಗೆ, ಆ ಎತ್ತರಕ್ಕೆ ಯಾವ ಗುಡ್ಡವೂ ಅಡ್ಡ ಬರುವುದಿಲ್ಲ. ಪಕ್ಕದ ಮನೆಯ ಬೇವಿನ ಮರ ಬರಬಹುದು. ಮುಂಗಾರಿನ ದಪ್ಪ ಹನಿಯ ಮಳೆಯಲ್ಲಿ ಹತ್ತು ನಿಮಿಷ ಚಿತ್ರ ಒಡೆಯುವುದು ಈ ಸೇವೆ ಬಳಸುವ ಕೆಯು ಬ್ಯಾಂಡಿನ ಗುಣ, ಅದಕ್ಕೆ ಮದ್ದಿಲ್ಲ.

ಈಗ ಕಾರ್ಡಿನ ವಿಷಯ ಇತ್ಯರ್ಥವಾಯಿತು. ಬೇಕಾದದ್ದು ಉಪಗ್ರಹದ ಸಿಗ್ನಲ್ ಹಿಡಿಯುವ ಡಿವಿಬಿ-ಎಸ್2 ಟ್ಯೂನರ್. ಟಿವಿಗೆ ಹಾಕಿರುವ ಬಾಕ್ಸ್ ಹಾಗೇ ಇರಲಿ ಎಂದಾದರೆ ಡಿಶ್ಶಿನ ಸಿಂಗಲ್ ಎಲ್‌ಎನ್‌ಬಿ ತೆಗೆದು ಎರಡು ಬಾಯಿಯ ಟ್ವಿನ್ ಹಾಕಿಸಬೇಕು. ಅದೇ ವೈರನ್ನು ಸ್ಪ್ಲಿಟರ್‌ನಲ್ಲಿ ಹಂಚಿದರೆ ಬಾಕ್ಸ್ ಎಲ್‌ಎನ್‌ಬಿಗೆ 13 ವೋಲ್ಟ್ ಕೊಡುವಾಗ ಟ್ಯೂನರ್ 18 ಕೊಟ್ಟು ಜಗಳ ಶುರುವಾಗಬಹುದು. ಟ್ವಿನ್ ಹಾಕಿ ಎಂದರೆ ಡಿಶ್ ಹುಡುಗರು ಇನ್ನೊಂದು ಟಿವಿಗೇನೋ ಅಂದುಕೊಂಡು ತಕರಾರಿಲ್ಲದೆ ಹಾಕಿಹೋಗುತ್ತಾರೆ.

ಇಲ್ಲಿ ಒಂದು ಒಳ್ಳೆಯ ಸುದ್ದಿಯಿದೆ. ಅನಲಾಗ್ ಕಾಲದಲ್ಲಿ ಚಿತ್ರವನ್ನು ಡಿಜಿಟಲ್ ಮಾಡಿ ಕುಗ್ಗಿಸುವ ಭಾರ ಹೆಚ್ಚಾಗಿ ಕಂಪ್ಯೂಟರಿನದ್ದೇ ಆಗಿತ್ತು, ಪ್ರೊಸೆಸರ್ ಏದುಸಿರು ಬಿಡುತ್ತಿತ್ತು. ಉಪಗ್ರಹದಿಂದ ಬರುವುದು ಈಗಾಗಲೇ ಕುಗ್ಗಿಸಿದ ಕಡತ. ಟ್ಯೂನರ್ ಹಿಡಿದಿದ್ದನ್ನು ಹಾರ್ಡ್ ಡಿಸ್ಕಿಗೆ ಬರೆದರೆ ಮುಗಿಯಿತು. ಒಂದೇ ಟ್ರಾನ್ಸ್‌ಪಾಂಡರಿನಲ್ಲಿರುವ ಎರಡು ವಾಹಿನಿಗಳನ್ನು ಒಂದೇ ಟ್ಯೂನರ್ ಏಕಕಾಲಕ್ಕೆ ಹಿಡಿಯಬಲ್ಲದು. ವಿಂಡೋಸ್ 11 ಬೇಡವೆಂದ ಹಳೆಯ ಡೆಸ್ಕ್‌ಟಾಪಿಗೆ ಲಿನಕ್ಸ್ ಹಾಕಿ, ಟಿವಿಹೆಡ್‌ಎಂಡ್ ಎಂಬ ಉಚಿತ ತಂತ್ರಾಂಶ ಕೂರಿಸಿದರೆ ಅದೂ ಈ ಕೆಲಸಕ್ಕೆ ಧಾರಾಳ. ರೆಕಾರ್ಡಿಂಗ್ ಒಂದಕ್ಕೇ ಹೊಸದು ಕೊಳ್ಳಬೇಡಿ.

ಹಾಗಾದರೆ ಚಿಕ್ಕ ಡಬ್ಬಿ ಯಾಕೆ? ಕರೆಂಟಿಗಾಗಿ. ರೆಕಾರ್ಡಿಂಗ್ ಯಂತ್ರ ಹಗಲೂ ರಾತ್ರಿ ಎಚ್ಚರವಿರಬೇಕು. 80 ವ್ಯಾಟ್ ಎಳೆಯುವ ಡೆಸ್ಕ್‌ಟಾಪ್ ದಿನಕ್ಕೆ ಹತ್ತಿರಹತ್ತಿರ ಎರಡು ಯೂನಿಟ್ ತಿನ್ನುತ್ತದೆ. ಇಂಟೆಲ್ ಎನ್100 ಪ್ರೊಸೆಸರಿನ ಮಿನಿ ಪಿಸಿ 10 ವ್ಯಾಟಿನಲ್ಲಿ ಓಡಿದರೆ ಕಾಲು ಯೂನಿಟ್ ಸಾಕು. ಆದರೆ ಅಂಗೈಯಗಲದ ಡಬ್ಬಿಯೊಳಗೆ ಕಾರ್ಡ್ ಹಾಕುವ ಸ್ಲಾಟೇ ಇರುವುದಿಲ್ಲ, ಅಂಥಲ್ಲಿ ಯುಎಸ್‌ಬಿ ಟ್ಯೂನರೇ ಗತಿ. ಒಳಗೇ ಕಾರ್ಡ್ ಬೇಕೆಂದರೆ 17 ಸೆಂಟಿಮೀಟರ್ ಚೌಕದ ಮಿನಿ-ಐಟಿಎಕ್ಸ್ ಬೋರ್ಡಿಗೆ ಹೋಗಬೇಕು. ಅದರಲ್ಲೂ ಸ್ಲಾಟ್ ಇರುವುದು ಒಂದೇ. ತೆಳ್ಳನೆ ಕ್ಯಾಬಿನೆಟ್ ಆದರೆ ಕಾರ್ಡಿನ ಜೊತೆ ಗಿಡ್ಡ ಬ್ರಾಕೆಟ್ ಕೊಡುತ್ತಾರೋ ಇಲ್ಲವೋ ಕೇಳಿ. ಉದ್ದನೆಯದಿದ್ದರೆ ಮುಚ್ಚಳ ಕೂರುವುದಿಲ್ಲ. ಟಿಬಿಎಸ್ ಕಂಪನಿಯ ಟ್ಯೂನರ್‌ಗಳು ಯುಎಸ್‌ಬಿ, ಕಾರ್ಡ್ ಎರಡೂ ನಮೂನೆಯಲ್ಲಿವೆ. ಅವುಗಳ ಲಿನಕ್ಸ್ ಡ್ರೈವರನ್ನು ಮಾತ್ರ ಬಹಳ ಸಲ ನಾವೇ ಕಂಪೈಲ್ ಮಾಡಿಕೊಳ್ಳಬೇಕು, ಕರ್ನಲ್ ಬದಲಾದಾಗ ಮತ್ತೆ ಮಾಡಬೇಕು. ಇಂಥ ಸಾಮಾನಿಗೆ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿನ ಎಸ್.ಪಿ. ರಸ್ತೆ ಸುತ್ತುವುದು ಚೆಂದವೇ, ಆದರೆ ಮಾಡೆಲ್ ನಂಬರ್ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಇಲ್ಲದಿದ್ದರೆ ‘ಇದೂ ಅದೇ ಸಾರ್’ ಎಂದು ಡಿವಿಬಿ-ಟಿ ಕಡ್ಡಿ ಕೊಟ್ಟು ಕಳಿಸಿಯಾರು.

ಬಳ್ಳಾರಿಯ ಬೇಸಿಗೆ ಈ ಯೋಜನೆಯಲ್ಲಿ ಪ್ರತ್ಯೇಕ ಸಾಲು ಕೇಳುತ್ತದೆ. ನಲವತ್ತು ದಾಟುವ ಏಪ್ರಿಲ್ ಮಧ್ಯಾಹ್ನ, ಗಾಜಿನ ಬಾಗಿಲ ಶೋಕೇಸಿನೊಳಗೆ ಮಿನಿ ಪಿಸಿ, ಅದರ ತಲೆ ಮೇಲೆ ಸೆಟ್‌ಟಾಪ್ ಬಾಕ್ಸ್, ಅದರ ಮೇಲೆ ಹಾರ್ಡ್ ಡಿಸ್ಕ್. ಯಂತ್ರವನ್ನು ಸಾಯಿಸಲು ಇಷ್ಟು ಸಾಕು. ಹಾರ್ಡ್ ಡಿಸ್ಕುಗಳು 60 ಡಿಗ್ರಿಯವರೆಗೆ ತಡೆದಾವು ಎಂದು ಕಂಪನಿಗಳು ಬರೆಯುತ್ತವೆ, ಗಾಳಿಯಾಡದ ಶೋಕೇಸಿನಲ್ಲಿ ಆ ಗೆರೆ ದೂರವಿಲ್ಲ. ಫ್ಯಾನ್ ಇರುವ ಡಬ್ಬಿಯ ಜಾಲರಿಗೆ ಕೆಂಪು ಧೂಳು ಮೆತ್ತಿ ಗೋಡೆ ಕಟ್ಟಿದಂತಾಗುತ್ತದೆ, ಹಳೇ ಬಣ್ಣದ ಬ್ರಶ್ಶಿನಲ್ಲಿ ಆಗಾಗ ಕೆರೆದು ತೆಗೆಯಬೇಕು. ಡಬ್ಬಿಗಳನ್ನು ಪಕ್ಕಪಕ್ಕ ಇಡಿ, ಬಾಗಿಲು ತೆಗೆದಿಡಿ.

ಕರೆಂಟ್ ಹೋಗುವುದು ಇನ್ನೊಂದು. ಮನೆಯ ಇನ್ವರ್ಟರಿನ ಹಿಂದೆ ಒಂದು ಸ್ವಿಚ್ ಇರುತ್ತದೆ, ಅದನ್ನು ಯುಪಿಎಸ್ ಮೋಡಿಗೆ ಹಾಕದಿದ್ದರೆ ಫ್ಯಾನು ತಿರುಗುತ್ತಲೇ ಇದ್ದರೂ ಕಂಪ್ಯೂಟರ್ ರೀಸ್ಟಾರ್ಟ್ ಆದೀತು. 12 ವೋಲ್ಟ್ ಅಡಾಪ್ಟರಿನ ಮಿನಿ ಪಿಸಿ ಆದರೆ ತಕ್ಕಷ್ಟು ಆಂಪಿಯರ್ ಕೊಡುವ ಚಿಕ್ಕ ಡಿಸಿ ಯುಪಿಎಸ್ ಸಾಕಾಗುತ್ತದೆ. ಬಯಾಸ್‌ನಲ್ಲಿ ‘ಕರೆಂಟ್ ಬಂದೊಡನೆ ತಾನೇ ಚಾಲೂ ಆಗು’ ಎಂಬ ಆಯ್ಕೆ ಹುಡುಕಿ ಹಾಕಿಡಿ. ಇಲ್ಲದಿದ್ದರೆ ಎಲ್ಲರೂ ಸಿರುಗುಪ್ಪದ ಮದುವೆಗೆ ಹೋದ ದಿನವೇ ಯಂತ್ರ ಮಲಗಿರುತ್ತದೆ.

ಜಾಗದ ಲೆಕ್ಕ ಸರಳ. ಸೆಕೆಂಡಿಗೆ 3 ಮೆಗಾಬಿಟ್‌ನ ಸಾಧಾರಣ ವಾಹಿನಿಗೆ ಗಂಟೆಗೆ 1.35 ಜಿಬಿ, ಒಂದು ಟಿಬಿ ಡಿಸ್ಕಿನಲ್ಲಿ ಏಳುನೂರು ಗಂಟೆಗೂ ಮಿಕ್ಕಿ ಹಿಡಿಯುತ್ತದೆ. ಚಂದನದ ‘ಥಟ್ ಅಂತ ಹೇಳಿ’ಯನ್ನು ದಿನವೂ ಹಿಡಿದರೂ ಡಿಸ್ಕ್ ತುಂಬಲು ವರ್ಷಗಳೇ ಬೇಕು. ಸಿಸಿಟಿವಿಗೆಂದು ಮಾಡಿದ ಡಿಸ್ಕ್ ತಗೊಳ್ಳಿ, ಹಗಲಿರುಳು ಬರೆಯುವುದಕ್ಕೆಂದೇ ಅದು ಇರುವುದು. ಆಪರೇಟಿಂಗ್ ಸಿಸ್ಟಮ್ ಬೇರೆ ಎಸ್‌ಎಸ್‌ಡಿಯಲ್ಲಿರಲಿ.

ಇಷ್ಟೆಲ್ಲ ಓದಿ ತಲೆ ಬಿಸಿಯಾದವರಿಗೆ ಒಂದು ಮಾತು. ಸಾವಿರ ರೂಪಾಯಿ ಆಸುಪಾಸಿನ ಎಷ್ಟೋ ಫ್ರೀ ಡಿಶ್ ಬಾಕ್ಸುಗಳ ಬೆನ್ನಲ್ಲೇ ಯುಎಸ್‌ಬಿ ಕಿಂಡಿಯಿದೆ. ಪೆನ್‌ಡ್ರೈವ್ ಸಿಕ್ಕಿಸಿ ರೆಕಾರ್ಡ್ ಒತ್ತಿದರೆ ಸೈ. ಅಜ್ಜಿಗೆ ತಪ್ಪಿದ ಧಾರಾವಾಹಿ ತೋರಿಸುವುದಷ್ಟೇ ಗುರಿಯಾದರೆ ಕಂಪ್ಯೂಟರ್ ಯಾಕೆ ಬೇಕು? ಹಣ ಕಟ್ಟುವ ಡಿಟಿಎಚ್ ಕಂಪನಿಗಳ ರೆಕಾರ್ಡರ್‌ಗಳ ಹಾಗಲ್ಲ ಇದು. ಅವು ಬರೆದ ಕಡತ ಆ ಬಾಕ್ಸ್ ಬಿಟ್ಟು ಬೇರೆಲ್ಲೂ ತೆರೆಯುವುದಿಲ್ಲ.

ಕೇಬಲ್‌ನಲ್ಲಿ ಮಾತ್ರ ಬರುವ ಸ್ಥಳೀಯ ವಾಹಿನಿ ಹಿಡಿಯಬೇಕು, ಬಳ್ಳಾರಿಯ ದುರ್ಗಮ್ಮನ ಸಿಡಿಬಂಡಿ ಉತ್ಸವವನ್ನೋ ಊರ ಬಯಲಾಟವನ್ನೋ ಇಟ್ಟುಕೊಳ್ಳಬೇಕು ಅನ್ನುವವರ ದಾರಿ ಬೇರೆ. ಬಾಕ್ಸಿನ ಎಚ್‌ಡಿಎಂಐ ತಂತಿಯನ್ನು ಕ್ಯಾಪ್ಚರ್ ಕಡ್ಡಿಗೆ ಕೊಟ್ಟರೆ ಎಚ್‌ಡಿಸಿಪಿ ಎಂಬ ಕಾವಲಿನಿಂದ ಪರದೆ ಕಪ್ಪಾಗಬಹುದು. ಹಳದಿ, ಕೆಂಪು, ಬಿಳಿ ಪಿನ್ನಿನ ಎವಿ ತಂತಿಗೆ ಆ ಕಾವಲಿಲ್ಲ, ಅದನ್ನು ಎವಿ ಕ್ಯಾಪ್ಚರ್ ಕಡ್ಡಿಗೆ ಕೊಡಬಹುದು. ಚಿತ್ರ ತುಸು ಮಸುಕು, ಆದರೆ ಬರುತ್ತದೆ. ನಮ್ಮ ಸ್ವಂತ ಬಳಕೆಗೆ ಅಥವಾ ಪಾಠ, ಸಂಶೋಧನೆಗೆ ಪ್ರಸಾರವನ್ನು ರೆಕಾರ್ಡ್ ಮಾಡಿಕೊಳ್ಳಲು 1957ರ ಕೃತಿಸ್ವಾಮ್ಯ ಕಾಯ್ದೆಯ 39ನೇ ಕಲಮು ಅವಕಾಶ ಕೊಡುತ್ತದೆ. ಅದನ್ನೇ ಯೂಟ್ಯೂಬಿಗೆ ಹಾಕಲು ಕೊಡುವುದಿಲ್ಲ.

ಆ ಎವಿ ಕಡ್ಡಿ ಕೊಂಡವರಿಗೆ ನಾನು ಹೇಳುವುದು, ಅದರ ಮೊದಲ ಕೆಲಸ ಟಿವಿ ಅಲ್ಲ. ಟ್ರಂಕಿನಲ್ಲಿ 1990ರ ದಶಕದ ಮದುವೆ ಕ್ಯಾಸೆಟ್ಟುಗಳು ಇನ್ನೂ ಇರುವ ಮನೆಗಳಿವೆ. ಟಿವಿ ಕಾರ್ಯಕ್ರಮ ಎಲ್ಲೋ ಒಂದು ಕಡೆ ಮತ್ತೆ ಸಿಕ್ಕೀತು. ಆ ಕ್ಯಾಸೆಟ್ಟಿಗೆ ಇನ್ನೊಂದು ಪ್ರತಿಯಿಲ್ಲ, ಅದರ ಕಾಂತಲೇಪ ವರ್ಷವರ್ಷ ಸವೆಯುತ್ತಿದೆ. ವಿಎಚ್‌ಎಸ್ ಚಿತ್ರ 720 ಅಡ್ಡ, 576 ಉದ್ದದಲ್ಲಿ ಇಳಿದರೆ ಸಾಕು, ಯಾವ ಹಳೆಯ ಲ್ಯಾಪ್‌ಟಾಪೂ ಇಳಿಸೀತು. ತೊಡಕಿರುವುದು ಕ್ಯಾಸೆಟ್ ಓಡಿಸುವ ಯಂತ್ರದಲ್ಲಿ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರ ಜುಲೈನಲ್ಲೇ ಕೆಲಸ ನಿಲ್ಲಿಸಿತು. ಕ್ಯಾಸೆಟ್ ಇರುವ ಮನೆಯವರು ಮಿನಿ ಪಿಸಿಯ ಬೆಲೆ ವಿಚಾರಿಸುವ ಮುಂಚೆ, ತಲೆ ಸವೆಯದ ಒಂದು ವಿಸಿಆರ್ ಯಾರ ಅಟ್ಟದ ಮೇಲಿದೆ ಎಂದು ನೆಂಟರಿಷ್ಟರಲ್ಲಿ ಕೇಳಿ ನೋಡಲಿ.