ಕುಪ್ಪಳಿಯ ಕವಿಮನೆ: ಮರ-ಮಣ್ಣುಗಳನ್ನು ಉಳಿಸಿಕೊಂಡ ಬಗೆ

ಜೋಗಿಮಟ್ಟಿಯ ನೆತ್ತಿಯಿಂದ ನೋಡಿದರೆ ಚಿತ್ರದುರ್ಗವು ಬಂಡೆಗಲ್ಲುಗಳ ನಾಡಾಗಿಯೇ ಕಾಣುತ್ತದೆ. 1779ರಲ್ಲಿ ದುರ್ಗವು ಹೈದರಾಲಿಯ ವಶವಾಯಿತು. ಏಳು ಸುತ್ತಿನ ಕೋಟೆಯ ಕಲ್ಲುಗೋಡೆಗಳು ಮಾತ್ರ ಇಂದಿಗೂ ಬಿಸಿಲು ಮಳೆಗಳನ್ನು ತಾಳಿಕೊಂಡು ನಿಂತಿವೆ. ಅದೇ ಕೋಟೆಯೊಳಗಿನ ಅರಮನೆಯಲ್ಲಾದರೋ ಮಣ್ಣಿನ ಮೋಟುಗೋಡೆಗಳಷ್ಟೇ ಉಳಿದಿವೆ. ಮಾಡು, ಮರಮುಟ್ಟುಗಳು ಎಂದೋ ಅಳಿದುಹೋದವು. ಕಲ್ಲು ತನ್ನನ್ನು ತಾನೇ ಕಾಯ್ದುಕೊಂಡೀತು. ಮರವನ್ನೂ ಮಣ್ಣನ್ನೂ ಮನುಷ್ಯನೇ ಕಾಯಬೇಕು.

ಹಾಗೆ ಕಾಯ್ದುಕೊಂಡ ಮನೆಯೊಂದು ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿದೆ. 1904ರ ಡಿಸೆಂಬರ್ 29ರಂದು ತಾಯಿಯ ತವರಾದ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಬಾಲ್ಯವನ್ನು ಕಳೆದದ್ದು ಈ ಮನೆಯಲ್ಲಿ. ಕನ್ನಡಕ್ಕೆ ಮೊದಲ ಜ್ಞಾನಪೀಠ ಪ್ರಶಸ್ತಿಯನ್ನು ತಂದ ಕವಿಯ ಮನೆಯೆಂಬುದು ಇದರ ಹಿರಿಮೆ. ಮಲೆನಾಡಿನ ಮನೆ ಕಟ್ಟುವ ವಿದ್ಯೆಗೆ ಸಾಕ್ಷಿಯೆಂಬುದೂ ಅಷ್ಟೇ ಮುಖ್ಯ.

ಕಲ್ಲಿನ ಪೀಠಗಳ ಮೇಲೆ ನಿಂತ ಮರದ ಕಂಬಗಳು, ಅವುಗಳಿಗೆ ಹೊಂದಿಸಿದ ತೊಲೆಗಳು, ನಡುವೆ ಬಯಲು ತೊಟ್ಟಿ, ಮೇಲೆ ಉಪ್ಪರಿಗೆ, ಹೆಂಚಿನ ಇಳಿಜಾರು ಮಾಡು. ಮಾಡಿನ ಭಾರವನ್ನು ಮರ ಹೊರುತ್ತದೆ, ಗೋಡೆ ಮರೆಯಾಗುತ್ತದೆ. ನೆಲದ ತೇವವೂ ಗೆದ್ದಲೂ ಸುಲಭವಾಗಿ ಏರದಂತೆ ಕಂಬಕ್ಕೆ ಕಲ್ಲಿನ ಆಸರೆ. ಆದರೂ ಒಂದು ಹೆಂಚು ಜಾರಿದರೆ ಸಾಕು, ಮಳೆನೀರು ತೊಲೆಗೆ ಇಳಿಯುತ್ತದೆ. ಈ ಮನೆಯೂ ಹಾಗೆಯೇ ಶಿಥಿಲವಾಗಿತ್ತು. ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನವು ಮೂಲ ವಿನ್ಯಾಸವನ್ನು ಅನುಸರಿಸಿ ಇದನ್ನು ಪುನರ್ನಿರ್ಮಿಸಿ ವಸ್ತುಸಂಗ್ರಹಾಲಯವಾಗಿ ರೂಪಿಸಿತು. ಅಡುಗೆಯ ಪಾತ್ರೆ ಪಡಗಗಳು, ಕೃಷಿಯ ಸಲಕರಣೆಗಳು, ಕವಿಯ ಮದುವೆಯ ಮಂಟಪ, ಪುಸ್ತಕಗಳು, ಭಾವಚಿತ್ರಗಳು ಇಲ್ಲಿವೆ.

2015ರ ನವೆಂಬರಿನಲ್ಲಿ ಇಲ್ಲಿಗೆ ಕಳ್ಳರು ನುಗ್ಗಿ ಪದ್ಮ ಪ್ರಶಸ್ತಿಯ ಪದಕಗಳನ್ನು ಅಪಹರಿಸಿದರು. ನಾಡು ಮರುಗಿದ್ದು ಸಹಜವೇ. ಆದರೆ ಕಳ್ಳರು ಮುಟ್ಟದೆ ಬಿಟ್ಟ ಒನಕೆ, ಮಡಕೆ, ನೇಗಿಲುಗಳ ಬೆಲೆಯನ್ನು ನಾವಾದರೂ ಬಲ್ಲೆವೇ? ಒಂದು ಕಾಲದ ಮಂದಿ ಉಂಡದ್ದು, ದುಡಿದದ್ದು, ಹಡೆದದ್ದು ಹೇಗೆಂಬುದನ್ನು ಹೇಳುವುದು ಪದಕಗಳಲ್ಲ, ಇಂಥ ವಸ್ತುಗಳೇ.

ಮನೆಯ ಮೇಲಣ ಕವಿಶೈಲದಲ್ಲಿ, 1994ರಲ್ಲಿ ಕವಿಯ ಅಂತ್ಯಸಂಸ್ಕಾರ ನಡೆದ ತಾಣದ ಬಳಿ, ಬಂಡೆಯೊಂದರ ಮೇಲೆ ಕುವೆಂಪು, ಬಿ.ಎಂ.ಶ್ರೀ. ಮತ್ತು ಟಿ.ಎಸ್. ವೆಂಕಣ್ಣಯ್ಯನವರ ಹೆಸರುಗಳು ಕೊರೆದಿವೆ. ಕುವೆಂಪು ತಮ್ಮ ಮಹಾಕಾವ್ಯವನ್ನು ಅರ್ಪಿಸಿದ ಈ ಗುರು ನಮ್ಮ ಚಿತ್ರದುರ್ಗ ಜಿಲ್ಲೆಯ ತಳುಕಿನವರು. ದುರ್ಗದವರಿಗೆ ಕುಪ್ಪಳಿ ಪರಸ್ಥಳವೇನಲ್ಲ.

ಓದುಗ ಬಂಧುಗಳೇ, ನಮ್ಮ ಊರುಗಳಲ್ಲಿಯೂ ತೊಟ್ಟಿಮನೆಗಳು ಒಂದೊಂದಾಗಿ ಉರುಳಿ, ಅವುಗಳ ಕಂಬಗಳು ಮರದ ವ್ಯಾಪಾರಿಗಳ ಪಾಲಾಗುತ್ತಿವೆ. ಎಲ್ಲ ಮನೆಗಳೂ ಸಂಗ್ರಹಾಲಯವಾಗಲಾರವು. ಆದರೆ ಊರಿಗೊಂದನ್ನಾದರೂ ಗುರುತಿಸಿ, ಮಳೆಗಾಲಕ್ಕೆ ಮುನ್ನ ಅದರ ಹೆಂಚು ಕೈಯಾಡಿಸುವ ಹೊಣೆಯನ್ನು ನಾಲ್ಕು ಜನ ಹೊತ್ತರೆ ಅದು ಉಳಿದೀತು. ಮನೆ ಬಿದ್ದ ಮೇಲೆ ಹಾಕುವ ನಾಮಫಲಕದಿಂದ ಪ್ರಯೋಜನವಿಲ್ಲ.